ಟ್ಯೂಬುಗಳ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ಯಾವ ಔಷಧ ಅಂಗಡಿಯಲ್ಲಾದರೂ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ: "ಇದನ್ನೇ ಕೊಡಿ, ಕಳೆದ ಸಲ ಇದರಲ್ಲೇ ಕಡಿಮೆಯಾಗಿತ್ತು." ಜೊತೆಗೆ ಕಾಗದದಲ್ಲಿ ಸುತ್ತಿ ತಂದ, ಹಿಂಡಿ ಚಪ್ಪಟೆಯಾದ ಹಳೆಯ ಟ್ಯೂಬು. ಅಂಗಡಿಯಲ್ಲಿ ಕುಳಿತು ಔಷಧ ಕೊಡುವ ನನಗೆ ಆ ಟ್ಯೂಬು ಕಂಡಾಗಲೆಲ್ಲ ಆತಂಕವಾಗುತ್ತದೆ. ಅದರ ಮೇಲೆ ಕ್ಲೊಬೆಟಾಸೋಲ್ ಎಂದೋ ಬೆಟಾಮೆಥಾಸೋನ್ ಎಂದೋ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತದೆ. ಎರಡೂ ಸ್ಟೀರಾಯ್ಡ್‌ಗಳು, ಅಂದರೆ ಚರ್ಮದ ಉರಿ, ತುರಿಕೆ, ಕೆಂಪನ್ನು ಬೇಗ ಅಡಗಿಸುವ ಔಷಧಗಳು.

ಗಜಕರ್ಣಕ್ಕೆ ಇದನ್ನು ಹಚ್ಚಬಾರದು ಎನ್ನುವುದು ಈಗ ಅನೇಕರಿಗೆ ತಿಳಿದಿದೆ. ಅಪರೂಪದ ಚರ್ಮರೋಗ ಇರುವವರ ಪಾಡು ಬೇರೆ. ಅವರಿಗೆ ಎಷ್ಟೋ ಸಲ ಸ್ಟೀರಾಯ್ಡ್ ನಿಜವಾಗಿಯೂ ಬೇಕು, ವೈದ್ಯರೇ ಬರೆದುಕೊಟ್ಟಿರುತ್ತಾರೆ. ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಎರಡು ವಾರಕ್ಕೆಂದು ಕೊಟ್ಟ ಚೀಟಿ ಎರಡು ವರ್ಷ ನಡೆಯುತ್ತದೆ.

ಹೇಲಿ-ಹೇಲಿ ಎಂಬ ರೋಗವನ್ನೇ ನೋಡಿ. ಅಮೆರಿಕದ ಇಬ್ಬರು ಅಣ್ಣತಮ್ಮಂದಿರು, ಇಬ್ಬರೂ ಚರ್ಮವೈದ್ಯರು, 1939ರಲ್ಲಿ ಇದನ್ನು ವಿವರಿಸಿದರು. ವಂಶದಲ್ಲಿ ಹರಿದು ಬರುವ ರೋಗ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು. ಕಂಕುಳು, ತೊಡೆಸಂದು, ಸ್ತನದ ಕೆಳಗೆ ಚರ್ಮ ಬಿರಿದು, ಒಸರಿ, ಉರಿಯುತ್ತದೆ. ಬೆವರು ತಾಗಿದರೆ ಉಲ್ಬಣಿಸುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ತೋಟದ ಕೆಲಸ ಮಾಡುವವರಿಗೆ ಅದು ಎಂತಹ ಹಿಂಸೆ ಎಂದು ಯೋಚಿಸಿ. ಮುಲಾಮು ಹಚ್ಚಿದರೆ ಉರಿ ಬೇಗ ಇಳಿಯುತ್ತದೆ, ಆದರೆ ರೋಗ ಹೋಗುವುದಿಲ್ಲ. ಮತ್ತೆ ಹಚ್ಚುತ್ತಾರೆ. ಮನೆಯಲ್ಲಿ ಇನ್ನೊಬ್ಬರಿಗೂ ಅದೇ ರೋಗ ಇದ್ದರೆ ತಾಯಿಯ ಟ್ಯೂಬು ಮಗಳ ಕೈಗೂ ಹೋಗುತ್ತದೆ.

ರೋಗ ಕಾಣಿಸಿಕೊಳ್ಳುವ ಆ ಸಂದುಗಳಲ್ಲಿಯೇ ಔಷಧ ಹೆಚ್ಚು ಒಳಗಿಳಿಯುತ್ತದೆ. 1967ರಲ್ಲಿ ಹೈಡ್ರೊಕಾರ್ಟಿಸೋನ್ ಎಂಬ ಸೌಮ್ಯ ಸ್ಟೀರಾಯ್ಡ್ ಬಳಸಿ ಅಳೆದಾಗ, ಮುಂದೋಳಿಗಿಂತ ಹಣೆಯ ಚರ್ಮ ಸುಮಾರು 6 ಪಟ್ಟು, ವೃಷಣದ ಚರ್ಮ ಸುಮಾರು 42 ಪಟ್ಟು ಹೆಚ್ಚು ಔಷಧವನ್ನು ಹೀರಿತ್ತು. ಅಂತಹ ಕಡೆ ಪ್ರಬಲ ಸ್ಟೀರಾಯ್ಡ್ ತಿಂಗಳುಗಟ್ಟಲೆ ಬಿದ್ದರೆ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗುತ್ತದೆ, ಸಣ್ಣ ಕೆಂಪು ರಕ್ತನಾಳಗಳು ಮೂಡುತ್ತವೆ, ಬರೆ ಬಿದ್ದಂತಹ ಗೆರೆಗಳು ಏಳುತ್ತವೆ. ಆ ಗೆರೆಗಳು ಆಮೇಲೆ ಪೂರ್ತಿಯಾಗಿ ಮಾಯುವುದಿಲ್ಲ. ಕಣ್ಣಿನ ಸುತ್ತ ಹಚ್ಚಿದರೆ ಕಣ್ಣಿನ ಒತ್ತಡ ಏರಬಹುದು.

ಮಕ್ಕಳ ವಿಷಯದಲ್ಲಿ ನನ್ನ ಚಿಂತೆ ಇನ್ನೂ ಹೆಚ್ಚು. ನೆದರ್ಟನ್ ಎಂಬ ಅಪರೂಪದ ಕಾಯಿಲೆಯಿರುವ ಮಗುವಿನ ಚರ್ಮದ ರಕ್ಷಣಾ ಪದರವೇ ದುರ್ಬಲ. ಹಚ್ಚಿದ್ದು ನೇರವಾಗಿ ರಕ್ತಕ್ಕೆ ಸೇರಬಹುದು. ಆಗ ಮುಖ ಉಬ್ಬುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ, ದೇಹವೇ ತಯಾರಿಸಬೇಕಾದ ಕಾರ್ಟಿಸೋಲ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ.

ಹಾಗೆಂದು ಹೆದರಿ ಬಿಟ್ಟುಬಿಡುವುದೂ ತಪ್ಪು. ಹೆಣ್ಣುಮಕ್ಕಳ ಗುಪ್ತಾಂಗದ ಚರ್ಮ ಬೆಳ್ಳಗಾಗಿ ಬಿಗಿಯುವ ಲೈಕನ್ ಸ್ಕ್ಲೆರೋಸಸ್ ರೋಗಕ್ಕೆ ಪ್ರಬಲ ಸ್ಟೀರಾಯ್ಡ್ ಮುಲಾಮೇ ಮುಖ್ಯ ಚಿಕಿತ್ಸೆ. ನಾಚಿಕೆಯಿಂದಲೋ ಭಯದಿಂದಲೋ ನಿಲ್ಲಿಸಿದರೆ ಅಲ್ಲಿ ಕಲೆಗಟ್ಟಿ ಅಂಗದ ಆಕಾರವೇ ಕೆಡಬಹುದು.

ಆದ್ದರಿಂದ ಅಳತೆ ಬೇಕು. ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಕ್ಲೊಬೆಟಾಸೋಲ್‌ಗೆ ಸಾಮಾನ್ಯ ಮಿತಿ ವಾರಕ್ಕೆ 50 ಗ್ರಾಂ, ಒಟ್ಟು ಎರಡು ವಾರ. ಅದರಾಚೆಗೆ ಹಚ್ಚುವುದು ವೈದ್ಯರ ನಿಗಾದಲ್ಲಿ ಮಾತ್ರ. ಟ್ಯೂಬು ತೆರೆದ ದಿನವೇ ಅದರ ಮೇಲೆ ಕನ್ನಡದಲ್ಲಿ ತಾರೀಕು ಬರೆಯಿರಿ, ಯಾವ ಜಾಗಕ್ಕೆ, ಎಷ್ಟು ದಿನಕ್ಕೆ ಎಂಬುದನ್ನೂ ಬರೆಯಿರಿ. ವೈದ್ಯರು ಹೇಳಿದ್ದು ಮಲಯಾಳದಲ್ಲಿದ್ದು ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ. ಕೇಳುವುದು ನಿಮ್ಮ ಹಕ್ಕು. 2018ರಲ್ಲಿ ಕೇಂದ್ರ ಸರಕಾರ ಈ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಔಷಧಗಳ ಸಾಲಿಗೆ ಸೇರಿಸಿತು. ಚೀಟಿ ಕೇಳುವ ಅಂಗಡಿಯವರ ಮೇಲೆ ದಯವಿಟ್ಟು ಸಿಟ್ಟಾಗಬೇಡಿ.

ತಿಂಗಳುಗಳಿಂದ ಹಚ್ಚುತ್ತಿರುವವರಿಗೆ ಒಂದು ಮಾತು. ಈ ಭಾಷಣ ಕೇಳಿ ಇಂದೇ ಒಮ್ಮೆಗೇ ನಿಲ್ಲಿಸಬೇಡಿ, ರೋಗ ಉಕ್ಕಿ ಬರಬಹುದು. ಬಳಸಿದ ಟ್ಯೂಬುಗಳನ್ನೂ ಹಳೆಯ ಚೀಟಿಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಚರ್ಮರೋಗ ತಜ್ಞರನ್ನು ಕಾಣಿರಿ. ಹೇಗೆ ಇಳಿಸುತ್ತ ಬರಬೇಕೆಂದು ಅವರು ಹೇಳುತ್ತಾರೆ. ಅಷ್ಟರೊಳಗೆ ವಿಪರೀತ ಸುಸ್ತು, ವಾಂತಿ, ಎದ್ದು ನಿಂತಾಗ ತಲೆಸುತ್ತು ಕಾಣಿಸಿಕೊಂಡರೆ ಅದು ದೇಹದ ಕಾರ್ಟಿಸೋಲ್ ಕಡಿಮೆಯಾದ ಲಕ್ಷಣವಿರಬಹುದು, ತಜ್ಞರ ದಿನಕ್ಕಾಗಿ ಕಾಯದೆ ಹತ್ತಿರದ ಆಸ್ಪತ್ರೆಗೆ ಕೂಡಲೇ ಹೋಗಿ, ಮುಲಾಮಿನ ವಿಷಯವನ್ನು ಮೊದಲೇ ತಿಳಿಸಿ.