ಕಡಿದ ನರ, ಮರಳುವ ದನಿ

ಕೇಳುಗರಿಗೆ ನಮಸ್ಕಾರ.

ಥೈರಾಯ್ಡ್ ಶಸ್ತ್ರಚಿಕಿತ್ಸೆ ಮುಗಿದು ಗಾಯ ಮಾಗಿದ ಮೇಲೂ ಕೆಲವರ ದನಿ ಹಿಂದಿರುಗುವುದಿಲ್ಲ. ಮಾತೆಲ್ಲ ಗಾಳಿಯಾಗಿ ಸೋರುತ್ತದೆ, ನೀರು ಕುಡಿದರೆ ನೆತ್ತಿಗೇರುತ್ತದೆ. ಧ್ವನಿತಂತುಗಳನ್ನು ಆಡಿಸುವ ನರಕ್ಕೆ ಪೆಟ್ಟಾಗಿದ್ದರೆ ಹೀಗಾಗುತ್ತದೆ.

ಈ ನರದ ದಾರಿ ಬಹಳ ಸುತ್ತಿನದು. ಎಡಗಡೆಯ ನರ ಎದೆಯವರೆಗೂ ಇಳಿದು, ಮಹಾಪಧಮನಿಯನ್ನು ಬಳಸಿ, ಮತ್ತೆ ಮೇಲೇರಿ ಥೈರಾಯ್ಡ್ ಗ್ರಂಥಿಯ ಹಿಂಬದಿಯಿಂದ ಧ್ವನಿಪೆಟ್ಟಿಗೆಯನ್ನು ಸೇರುತ್ತದೆ. ಎರಡನೆಯ ಶತಮಾನದಲ್ಲೇ ರೋಮ್‌ನಲ್ಲಿ ಗ್ಯಾಲೆನ್ ಎಂಬ ವೈದ್ಯ ಹಂದಿಯ ಈ ನರಗಳನ್ನು ಬಿಗಿದು, ಅದರ ಕಿರುಚಾಟ ನಿಲ್ಲುವುದನ್ನು ಜನರೆದುರು ತೋರಿಸಿದ್ದ.

ತುಂಡಾದ ತುದಿಗಳನ್ನು ಸೂಕ್ಷ್ಮದರ್ಶಕದಡಿ ಹೊಲಿಯಬಹುದು. ತೊಡಕಿರುವುದು ಆಮೇಲೆ. ತಂತುಗಳನ್ನು ತೆರೆಯುವ ಎಳೆಗಳೂ ಮುಚ್ಚುವ ಎಳೆಗಳೂ ಒಂದೇ ನರದಲ್ಲಿರುತ್ತವೆ. ಮತ್ತೆ ಬೆಳೆಯುವಾಗ ಅವು ಅದಲುಬದಲಾಗುತ್ತವೆ. ತೆರೆ, ಮುಚ್ಚು ಎಂಬ ಎರಡು ಆಜ್ಞೆಗಳೂ ಒಟ್ಟಿಗೇ ಬಂದರೆ ತಂತು ಅಲುಗುವುದಿಲ್ಲ. ಇದನ್ನು ಸೋಲೆಂದು ನಾನು ಒಪ್ಪುವುದಿಲ್ಲ. ನರದ ಸಂಪರ್ಕ ಸಿಕ್ಕ ಸ್ನಾಯು ಸೊರಗದೆ ಮೈತುಂಬಿಕೊಂಡು ನಡುಗೆರೆಯ ಹತ್ತಿರ ಬಿಗಿಯಾಗಿ ನಿಲ್ಲುತ್ತದೆ. ಎದುರಿನ ಆರೋಗ್ಯವಂತ ತಂತು ಬಂದು ಅದನ್ನು ತಾಗಿದರೆ ದನಿ ಹೊರಡುತ್ತದೆ.

ತುದಿಗಳು ಕೂಡದಿದ್ದರೆ, ಕುತ್ತಿಗೆಯ ಮುಂಭಾಗದ ಪಟ್ಟಿಸ್ನಾಯುಗಳಿಗೆ ಹೋಗುವ ನರವನ್ನು ತಿರುಗಿಸಿ ಜೋಡಿಸುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಡಾ. ರೋಜರ್ ಕ್ರಮ್ಲಿ ಈ ವಿಧಾನವನ್ನು ಬೆಳೆಸಿದರು. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ದನಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ತಂತುವಿಗೆ ಜೆಲ್ ಚುಚ್ಚಿ ಅದನ್ನು ಉಬ್ಬಿಸಿಟ್ಟಿರುತ್ತಾರೆ. ವಯಸ್ಸಾದವರಲ್ಲಿ ನರಜೋಡಣೆಯ ಫಲ ಕಡಿಮೆ. ಅಂಥವರಿಗೆ ಜಪಾನಿನ ಡಾ. ಇಶಿಕಿ 1974ರಲ್ಲಿ ವಿವರಿಸಿದ ದಾರಿಯಿದೆ: ಧ್ವನಿಪೆಟ್ಟಿಗೆಯ ಮೃದ್ವಸ್ಥಿಯಲ್ಲಿ ಸಣ್ಣ ಕಿಟಕಿ ಕೊರೆದು ತಂತುವನ್ನು ಒಳಕ್ಕೆ ಒತ್ತುವುದು.

ನನ್ನನ್ನು ಕಾಡುವುದು ಕಾಯುತ್ತಾ ಕೂರುವವರ ಚಿಂತೆ. ಬರೀ ಜಗ್ಗಿದ ನರ ತಾನಾಗಿಯೇ ಚೇತರಿಸಿಕೊಳ್ಳಬಹುದು, ನಿಜ. ಆದರೆ ತುಂಡಾದ ನರ ಹಾಗಲ್ಲ. ವರ್ಷಗಟ್ಟಲೆ ನರವಿಲ್ಲದೆ ಬಿದ್ದ ಸ್ನಾಯು ಬತ್ತಿಹೋಗುತ್ತದೆ. ತರಗತಿಯಲ್ಲಿ ಪಾಠ ಹೇಳುವ ಶಿಕ್ಷಕಿಗೆ, ಸಂತೆಯಲ್ಲಿ ಕೂಗಿ ಮಾರುವವರಿಗೆ ದನಿಯೇ ದುಡಿಮೆ. ಶಸ್ತ್ರಚಿಕಿತ್ಸೆಯಾಗಿ ಎರಡು ವಾರ ಕಳೆದರೂ ದನಿ ಒಡೆದೇ ಇದ್ದರೆ, ಕಿವಿ-ಮೂಗು-ಗಂಟಲು ತಜ್ಞರ ಬಳಿ ಎಂಡೋಸ್ಕೋಪ್‌ನಿಂದ ಧ್ವನಿತಂತುಗಳನ್ನು ಪರೀಕ್ಷಿಸಿಕೊಳ್ಳಿ. ಉಸಿರಾಡಲು ಕಷ್ಟವಾದರೆ ಅಂದೇ ಆಸ್ಪತ್ರೆಗೆ ಹೋಗಿ. ಹೋಗುವಾಗ ಶಸ್ತ್ರಚಿಕಿತ್ಸೆಯ ವಿವರಗಳಿರುವ ಕಾಗದಗಳನ್ನು ಜೊತೆಗಿಟ್ಟುಕೊಳ್ಳಿ; ನರ ಕಡಿದಿದ್ದು ಅಲ್ಲೇ ಹೊಲಿದಿದ್ದಾರೆಯೇ ಎಂಬುದು ಮುಂದಿನ ವೈದ್ಯರಿಗೆ ಅದರಿಂದ ತಿಳಿಯುತ್ತದೆ.

ನಮಸ್ಕಾರ.