ಕುದುರೆಮುಖದ ಬೆಟ್ಟ ಬೋಳಾಗಿಲ್ಲ, ಅದು ಇರೋದೇ ಹಾಗೆ!

[ಡ್ರೋನ್ ಶಾಟ್: ಹುಲ್ಲಿನ ಬೆಟ್ಟಗಳು, ಮಡಿಕೆಗಳಲ್ಲಿ ಕಪ್ಪು ಹಸಿರು ಕಾಡು]

ಕುದುರೆಮುಖ ನೋಡಿ. ಮೇಲೆಲ್ಲ ಬರೀ ಹುಲ್ಲು, ಮರ ಇರೋದು ಬೆಟ್ಟದ ಮಡಿಕೆಗಳಲ್ಲಿ ಮಾತ್ರ. ಯಾರೋ ಕಾಡು ಕಡಿದು ಹೀಗಾಗಿದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ.

ಮಳೆಗೇನು ಬರವಿಲ್ಲ, ವರ್ಷಕ್ಕೆ ಸುಮಾರು 7000 ಮಿ.ಮೀ. ಸುರಿಯುತ್ತದೆ. ಮತ್ತೆ ಮರ ಯಾಕಿಲ್ಲ? ನೆತ್ತಿಯಲ್ಲಿ ಮಣ್ಣು ತೆಳು, ಗಾಳಿ ಜೋರು, ಬೇಸಿಗೆಯಲ್ಲಿ ಎಲ್ಲ ಒಣಗಿ ಒಮ್ಮೊಮ್ಮೆ ಬೆಂಕಿಯೂ ಬೀಳುತ್ತದೆ. ಹುಲ್ಲು ಸುಟ್ಟರೂ ಬುಡದಿಂದ ಚಿಗುರುತ್ತದೆ, ಮರದ ಸಸಿ ಸತ್ತೇ ಹೋಗುತ್ತದೆ. ಮಡಿಕೆಯೊಳಗೆ ಮಾತ್ರ ಮಣ್ಣು ಆಳ, ವರ್ಷವಿಡೀ ತೇವ. ಅಲ್ಲಿ ಬೆಳೆಯೋದೇ ಶೋಲಾ ಕಾಡು: ಗಿಡ್ಡ ಮರಗಳು, ಮೈತುಂಬ ಪಾಚಿ, ಕೊಂಬೆಗೆ ಸೀತಾಳೆ.

[ಗ್ರಾಫಿಕ್ಸ್: ಮಣ್ಣಿನ ಪದರಗಳು]

ಇದೆಲ್ಲ ಹೊಸದಲ್ಲ ಅನ್ನೋದಕ್ಕೆ ಪುರಾವೆ ಏನು? ಇಂಥದ್ದೇ ಬೆಟ್ಟಗಳಿರುವ ನೀಲಗಿರಿಯಲ್ಲಿ ವಿಜ್ಞಾನಿಗಳು ಜೌಗು ಮಣ್ಣನ್ನು ಅಗೆದು ಅದರಲ್ಲಿನ ಇಂಗಾಲವನ್ನು ಪರೀಕ್ಷಿಸಿದರು, ಯಾಕೆಂದರೆ ಹುಲ್ಲು ಕೊಳೆತು ಬಿಟ್ಟ ಇಂಗಾಲವೇ ಬೇರೆ ಥರ, ಮರದ್ದೇ ಬೇರೆ. ಸುಮಾರು 20,000 ವರ್ಷ ಹಿಂದೆಯೂ ಅಲ್ಲಿ ಹುಲ್ಲಿತ್ತು! ಹವೆ ಬದಲಾದಂತೆ ಒಮ್ಮೆ ಹುಲ್ಲು ಜಾಸ್ತಿ, ಒಮ್ಮೆ ಕಾಡು ಜಾಸ್ತಿ, ಅಷ್ಟೇ.

[ದೃಶ್ಯ: ಕಾಟಿಗಳ ಹಿಂಡು, ಸಿಂಗಳೀಕ]

ಕಾಟಿ, ಕಡವೆಗಳಿಗೆ ಮೇವು ಈ ಹುಲ್ಲೇ. ಸಿಂಗಳೀಕದ ಬದುಕು ಪೂರ್ತಿ ಬೇರೆ. ಅದು ನೆಲಕ್ಕೆ ಇಳಿಯುವುದೇ ಅಪರೂಪ, ಅದಕ್ಕೆ ಕೊಂಬೆಗೆ ಕೊಂಬೆ ತಾಗುವ ದಟ್ಟ ಕಾಡು ಬೇಕು, ನಡುವೆ ಒಂದು ರಸ್ತೆ ಬಂದರೂ ಕಷ್ಟ. ಇನ್ನು ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇಲ್ಲಿನ ಗಂಗಾಮೂಲದ ಸುತ್ತಲೇ. ಮೊದಲೆರಡು ಪೂರ್ವಕ್ಕೆ ಹರಿದರೆ ನೇತ್ರಾವತಿ ಮಂಗಳೂರಿನ ಕಡಲಿಗೆ.

ಕುದುರೆಮುಖದಲ್ಲಿ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ನಿಂತಿತು. ಆ ಕಥೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಭಯ ಹುಟ್ಟಿಸೋದು 'ಖಾಲಿ ಬೆಟ್ಟ ಸುಮ್ನೆ ಬಿದ್ದಿದೆ, ಗಿಡ ನೆಡೋಣ' ಅನ್ನುವ ಒಳ್ಳೆ ಮನಸ್ಸಿನವರು. ನೀಲಗಿರಿಯಲ್ಲಿ ಬ್ರಿಟಿಷರು ಆಸ್ಟ್ರೇಲಿಯಾದ ವ್ಯಾಟಲ್ ಮರ ತಂದು ನೆಟ್ಟರು. ಆಮೇಲೆ ಅದು ತಾನಾಗಿಯೇ ಹಬ್ಬಿ ಹುಲ್ಲುಗಾವಲನ್ನೇ ನುಂಗಿತು, ಈಗ ಕಿತ್ತರೂ ಮತ್ತೆ ಹುಟ್ಟುತ್ತಿದೆ.

ಟ್ರೆಕ್ ಹೋಗುವವರು ಅರಣ್ಯ ಇಲಾಖೆಯ ಅನುಮತಿ ತಗೊಳ್ಳಿ, ಬೆಂಕಿಪೊಟ್ಟಣ ಮಾತ್ರ ಬೇಡ. ಅಪರೂಪಕ್ಕೆ ಬೀಳುವ ಬೆಂಕಿಯನ್ನು ಹುಲ್ಲು ತಡೆದುಕೊಳ್ಳುತ್ತದೆ, ಆದರೆ ಪದೇ ಪದೇ ಬಿದ್ದರೆ ಶೋಲಾದ ಅಂಚಿನ ಮರಗಳು ಸುಟ್ಟು ಕಾಡು ಒಳಗೊಳಗೇ ಕುಗ್ಗುತ್ತಾ ಹೋಗುತ್ತದೆ.