ಅಮ್ಮ ಕೇಳಿದ ಮೂರು ಸಾವಿರ ಪೌಂಡ್

ಮ್ಯಾಂಚೆಸ್ಟರ್‌ನಲ್ಲಿ ರೈಲು ಹತ್ತಿ ವಿಗನ್‌ಗೆ ಬಂದಿದ್ದೇನೆ. ಜಿಟಿಜಿಟಿ ಮಳೆ. ಲೆನ್ಸ್ ಒರೆಸಿ ಒರೆಸಿ ಸಾಕಾಯ್ತು. ಹಿಂದೆ ಕಾಣುತ್ತಿರುವುದು ಟೆಸ್ಕೋ ಸೂಪರ್‌ಮಾರ್ಕೆಟ್. ನಗಬೇಡಿ, ಇದನ್ನು ನೋಡೋಕೇ ಬಂದಿದ್ದು. 1999ರವರೆಗೆ ಇಲ್ಲಿ ಸೆಂಟ್ರಲ್ ಪಾರ್ಕ್ ಅನ್ನೋ ರಗ್ಬಿ ಲೀಗ್ ಮೈದಾನ ಇತ್ತು. ವಿಗನ್ ತಂಡದ ವಿಂಗರ್ ಬಿಲ್ಲಿ ಬೋಸ್ಟನ್ ಓಡಿದ್ದು ಇಲ್ಲೇ.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ತಂಡಕ್ಕೆ 13 ಜನ. ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ, ಹಿಂದಕ್ಕೋ ಪಕ್ಕಕ್ಕೋ ಕೊಡಬೇಕು. ವಿಂಗರ್ ಅಂದರೆ ಅಂಚಿನಲ್ಲಿ ನಿಲ್ಲುವವನು. ಚೆಂಡು ಅವನ ಕೈಗೆ ಬರುವ ಹೊತ್ತಿಗೆ ಒಂದು ಕಡೆ ಗೆರೆ, ಇನ್ನೊಂದು ಕಡೆ ಮೈಮೇಲೆ ಬೀಳುವ ಎದುರಾಳಿಗಳು. ಕಬಡ್ಡಿ ಆಡಿದವರಿಗೆ ಥಟ್ಟನೆ ಗೊತ್ತಾಗುತ್ತದೆ: ಮೂಲೆಯಲ್ಲಿ ಸಿಕ್ಕಿಬಿದ್ದ ರೇಡರ್‌ನ ಪಾಡು. ಸಾಮಾನ್ಯ ವಿಂಗರ್ ಸಂದು ಹುಡುಕುತ್ತಾನೆ. ಬಿಲ್ಲಿ ಅಡ್ಡ ಬಂದವನನ್ನೇ ಗುದ್ದಿಕೊಂಡು ಹೋಗುತ್ತಿದ್ದ. (ಅಭಿಮಾನಿ ಬಾಯಿಗೆ ಏಕವಚನವೇ ಬರುತ್ತದೆ, ಕ್ಷಮಿಸಿ.)

ಬಿಲ್ಲಿಯ ಊರು ವೇಲ್ಸ್‌ನ ಕಾರ್ಡಿಫ್. ಬಂದರಿನ ಪಕ್ಕದ ಟೈಗರ್ ಬೇ. ಅಪ್ಪ ಸಿಯೆರಾ ಲಿಯೋನ್‌ನವರು. ಹನ್ನೊಂದು ಮಕ್ಕಳ ಮನೆ. ಹುಡುಗನಿಗೆ ಇದ್ದದ್ದು ಒಂದೇ ಆಸೆ, ಕಾರ್ಡಿಫ್‌ಗೆ ಆಡಬೇಕು, ವೇಲ್ಸ್‌ಗೆ ಆಡಬೇಕು. ಅದು ಇನ್ನೊಂದು ರಗ್ಬಿ, ಯೂನಿಯನ್. 1953ರಲ್ಲಿ ವಿಗನ್ ಲೀಗ್ ಕ್ಲಬ್‌ನವರು ಮನೆಗೇ ಬಂದು ಮೇಜಿನ ಮೇಲೆ ನೋಟು ಹರಡಿದರು. ಇವರನ್ನು ಸಾಗಹಾಕೋಣ ಅಂತ ಅಮ್ಮ ಮೂರು ಸಾವಿರ ಪೌಂಡ್ ಕೇಳಿದರು. ಅವರು ಕೊಟ್ಟೇಬಿಟ್ಟರು! ಅಮ್ಮನ ಮಾತು, ಹಿಂದೆ ತೆಗೆದುಕೊಳ್ಳುವುದು ಹೇಗೆ? ಹುಡುಗ ಸಹಿ ಹಾಕಿದ. ದುಡ್ಡು ಮುಟ್ಟಿದವನಿಗೆ ಆಗ ಯೂನಿಯನ್ ಬಾಗಿಲು ಬಂದ್. ವೇಲ್ಸ್ ಯೂನಿಯನ್ ಜರ್ಸಿಯ ಕನಸು ಅಲ್ಲಿಗೇ ಮುಗಿಯಿತು.

ವಿಗನ್ ಮಾತ್ರ ಎತ್ತಿ ಮೆರೆಸಿತು. ಮೊದಲ ಪಂದ್ಯ ಬರೀ ಎರಡನೇ ತಂಡದ್ದು. ಅದನ್ನು ನೋಡೋಕೂ ಎಂಟು ಸಾವಿರಕ್ಕಿಂತ ಜಾಸ್ತಿ ಜನ. ಮುಖ್ಯ ತಂಡಕ್ಕೆ ಆರೇ ಆರು ಪಂದ್ಯ ಆಡಿದ್ದ, ಅಷ್ಟರಲ್ಲಿ 1954ರಲ್ಲಿ ಗ್ರೇಟ್ ಬ್ರಿಟನ್ ತಂಡದ ವಿದೇಶ ಪ್ರವಾಸಕ್ಕೆ ಕರೆ ಬಂತು. ಅಲ್ಲಿ 18 ಪಂದ್ಯದಲ್ಲಿ 36 ಟ್ರೈ. ಟ್ರೈ ಅಂದರೆ ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಊರುವುದು. 1968ರವರೆಗೆ ವಿಗನ್‌ಗೆ 488 ಪಂದ್ಯ, 478 ಟ್ರೈ. ಪಂದ್ಯಕ್ಕೆ ಹತ್ತಿರ ಹತ್ತಿರ ಒಂದು! ನಾನು ಕ್ಯಾಲ್ಕುಲೇಟರ್‌ನಲ್ಲಿ ಎರಡು ಸಲ ನೋಡಿದೆ.

1957ರದ್ದು ಹೇಳೋಕೂ ಸಿಟ್ಟು ಬರುತ್ತದೆ. ಆಸ್ಟ್ರೇಲಿಯಾದಲ್ಲಿ ವಿಶ್ವಕಪ್ ಮುಗಿಸಿ ಬ್ರಿಟನ್ ತಂಡ ದಕ್ಷಿಣ ಆಫ್ರಿಕಾಕ್ಕೆ ಪ್ರದರ್ಶನ ಪಂದ್ಯ ಆಡಲು ಹೋಯಿತು. ವರ್ಣಭೇದದ ಕಾನೂನಿನ ಕಾಲ. ಕಪ್ಪು ಬಣ್ಣದ ಬಿಲ್ಲಿ ಒಬ್ಬನೇ ವಿಮಾನ ಹತ್ತಿ ಮನೆಗೆ ಬಂದ.

2025ರಲ್ಲಿ, 90ನೇ ವಯಸ್ಸಿನಲ್ಲಿ, ಅವರು ಸರ್ ಬಿಲ್ಲಿ ಆದರು. ಈ ಆಟದಿಂದ ನೈಟ್ ಪದವಿ ಪಡೆದ ಮೊದಲಿಗರು. ಆಟ ಶುರುವಾಗಿದ್ದು 1895ರಲ್ಲಿ. ಲೇಟಾಯ್ತು, ಅಲ್ವಾ?

ಸರಿ, ಒಳಗೆ ಬಂದೆ. ಬಿಸ್ಕೆಟ್ ಸಾಲಿನಲ್ಲಿ ಒಬ್ಬ ಅಜ್ಜ ಟ್ರಾಲಿಗೆ ಒರಗಿ ನಿಂತಿದ್ದರು. ಸುಮ್ನೆ ಕೇಳಿದೆ, "ಬಿಲ್ಲಿ ಬಲಗಡೆ ವಿಂಗರ್ ಅಲ್ವಾ, ಅವರು ಓಡುತ್ತಿದ್ದದ್ದು ಯಾವ ಕಡೆ?" ಅಜ್ಜ ಕನ್ನಡಕ ಸರಿಮಾಡಿಕೊಂಡು ಅತ್ತಿತ್ತ ನೋಡಿದರು.

"ಮೊದಲ ಅರ್ಧದಲ್ಲೋ, ಎರಡನೇ ಅರ್ಧದಲ್ಲೋ?"